ಹುಳದ ಮನೆಯಲ್ಲಿ ಒಂದು ಮಧ್ಯಾಹ್ನ

ಹರಿತಾಗೆ ಮೂವರು ಗಂಡುಮಕ್ಕಳು. ದೊಡ್ಡವನು ತೇಜಸ್ ಐದನೇ ಕ್ಲಾಸು ಮುಗಿಸಿದ್ದ, ನಡುವಿನವನು ಲಿಖಿತ್ ಮೂರನೆಯದು, ಕಿರಿಯವನು ಗಗನ್ ಇನ್ನೂ ಅಂಗನವಾಡಿ. ಮೂವರೂ ಒಂದು ಕಡೆ ಸುಮ್ಮನೆ ಕೂತದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಗೋಡೆ ಕಂಡರೆ ಹತ್ತಬೇಕು, ನೀರು ಕಂಡರೆ ಇಳಿಯಬೇಕು, ನಾಯಿ ಮಲಗಿದ್ದರೆ ಎಬ್ಬಿಸಿ ಓಡಿಸಬೇಕು. ಚಿಂತಾಮಣಿಯ ಕಾಲೇಜಿನಲ್ಲಿದ್ದಾಗ ಹರಿತಾ ಓಟದಲ್ಲಿ ಬಹುಮಾನ ತಂದವಳು. ಮಕ್ಕಳು ಅಂಗಳದಲ್ಲಿ ಧೂಳೆಬ್ಬಿಸಿದಾಗಲೆಲ್ಲ ಅತ್ತೆ ಕದಿರಮ್ಮ, "ಈ ಕಾಲು ನಿನ್ವೇ ಕಣೇ, ನಮ್ ಕಡೆಯೋರು ಯಾರೂ ಹಿಂಗ್ ಓಡ್ದೋರಲ್ಲ" ಅನ್ನುತ್ತಿದ್ದರು. ಅದು ಹೊಗಳಿಕೆಯೋ ದೂರೋ ಹರಿತಾಗೆ ತಿಳಿಯುತ್ತಿರಲಿಲ್ಲ.

ಊರು ಗೌರಿಬಿದನೂರಿಗೆ ಹತ್ತಿರ. ಗಂಡ ಮೋಹನ್‌ಬಾಬುವಿಗೆ ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ. ಮನೆಯ ಹಿಂದಿನ ತೋಟದಲ್ಲಿ ಹಿಪ್ಪುನೇರಳೆ, ತೋಟದ ಕೊನೆಗೆ ಶೀಟು ಹೊದಿಸಿದ ಹುಳದ ಮನೆ. ಮೊದಲು ರೇಷ್ಮೆ ಹುಳು ಸಾಕುತ್ತಿದ್ದವರು ಕದಿರಮ್ಮ. ಅವರ ಮಂಡಿ ಸೋತು ಕಿವಿಯೂ ಮಂದವಾದ ಮೇಲೆ ಆ ಕೆಲಸ ಸೊಸೆಗೆ ಬಂತು. ಯಾರೂ ಮಾಡು ಎನ್ನಲಿಲ್ಲ. ಬೇರೆ ಯಾರೂ ಇರಲಿಲ್ಲ, ಅಷ್ಟೆ.

ಆ ವರ್ಷ ಬೇಸಿಗೆ ರಜೆಯೂ ಹುಳು ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಏಳುವುದೂ ಒಟ್ಟಿಗೇ ಬಂದವು. ಆ ಜ್ವರ ಕಳೆದ ಮೇಲೆ ಹುಳುಗಳಿಗೆ ಹಗಲಿಲ್ಲ, ರಾತ್ರಿಯಿಲ್ಲ, ಒಂದೇ ಸಮ ತಿನ್ನುತ್ತವೆ. ಗೂಡು ಕಟ್ಟುವವರೆಗೂ ಸೊಪ್ಪು ಹಾಕುತ್ತಲೇ ಇರಬೇಕು. ಮಕ್ಕಳೂ ಹಾಗೆಯೇ. ಇಡ್ಲಿ ಮುಗಿದರೆ ಚಿತ್ರಾನ್ನ, ಅದು ಮುಗಿದರೆ ಮಾವಿನಕಾಯಿ, ಆಮೇಲೆ "ಅಮ್ಮ, ಏನೈತೆ?" ಹರಿತಾ ಬೆಳಗಿನ ಜಾವಕ್ಕೆ ತೋಟಕ್ಕಿಳಿದು ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ಮನೆಗೆ ಬಂದು ಒಲೆ ಹಚ್ಚಿ, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುವಷ್ಟರಲ್ಲಿ ಯಾರದೋ ಮೊಣಕಾಲು ತರಚಿರುತ್ತಿತ್ತು, ಯಾರೋ ಯಾರದೋ ಸೈಕಲ್ಲಿನ ಗಾಳಿ ಬಿಟ್ಟಿರುತ್ತಿದ್ದರು. ಒಮ್ಮೆ ಮೋಹನ್‌ಬಾಬುವಿಗೆ ಹೇಳಿದಳು. "ಏನ್ ಮಾಡಣ ಹೇಳು. ರಜ ಕೇಳಿದ್ರೆ ಸೂಪರ್‌ವೈಸರ್ ಮುಖ ಗಂಟಿಕ್ತಾನೆ. ಸ್ಕೂಲ್ ತೆಗೆಯೋವರ್ಗೂ ತಡ್ಕೊ" ಎಂದ. ಒಳ್ಳೆಯ ಮಾತಿನಲ್ಲೇ ಹೇಳಿದ. ಜಗಳಕ್ಕೂ ಅವಕಾಶ ಸಿಗಲಿಲ್ಲ.

ಹುಳದ ಮನೆಗೆ ಒಂದೇ ಬಾಗಿಲು, ಎರಡು ಅಗಲವಾದ ಕಿಟಕಿ. ಕಿಟಕಿಗೆ ಕಂಬಿಯಿಲ್ಲ, ಬಿಗಿಯಾಗಿ ಬಡಿದ ನೈಲಾನ್ ಪರದೆ ಮಾತ್ರ. ಊಜಿ ನೊಣ ಒಳಗೆ ಬಂದು ಹುಳುವಿನ ಮೇಲೆ ಮೊಟ್ಟೆಯಿಟ್ಟರೆ ಗೂಡು ತೂತು ಬೀಳುತ್ತದೆ, ಬೆಳೆಯೇ ಹೋಗುತ್ತದೆ. ಮಕ್ಕಳು ಬಾಗಿಲು ತೆಗೆದಿಟ್ಟು ಓಡುವುದನ್ನು ನೋಡಿ ನೋಡಿ ಹರಿತಾ ಆ ದಿನ ಬೆಳಿಗ್ಗೆ ಮೂವರನ್ನೂ ಸಾಲಾಗಿ ನಿಲ್ಲಿಸಿ ಬೈದಿದ್ದಳು. "ಬಾಗ್ಲು ಮುಚ್ಚಿ ಚಿಲಕ ಹಾಕ್ಬೇಕು. ಇನ್ನೊಂದ್ ಸಲ ತೆರ್ದಿದ್ರೆ ನಾನ್ ಸುಮ್ನಿರಲ್ಲ."

ಮಧ್ಯಾಹ್ನ ಊಟವಾದ ಮೇಲೆ ಅವಳು ಒಳಗೆ ಸೊಪ್ಪು ಹರಡುತ್ತಿದ್ದಾಗ ಹುಡುಗರು ಬಾಗಿಲ ಬಳಿ ಬಂದರು. ಲಿಖಿತ್ ಇಣುಕಿದ. "ಅಮ್ಮ, ಆಟ ಆಡಕ್ಕೋಗ್ತೀವಿ" ಎಂದ. ಅವಳು ತಿರುಗಿ ನೋಡದೆ ಹೂಂ ಎಂದಳು. ಬಾಗಿಲು ಮುಚ್ಚಿತು. ಹೊರಗಿನ ಚಿಲಕ ಬಿದ್ದ ಸದ್ದು ಕೇಳಿಸಿತು.

ಅವಳಿಗೆ ಅದು ತಲೆಗೆ ಹೋದದ್ದು ಕೊನೆಯ ಸ್ಟ್ಯಾಂಡಿಗೆ ಸೊಪ್ಪು ಹಾಕಿ ಬಾಗಿಲು ತಳ್ಳಿದಾಗ. ತಳ್ಳಿದಳು, ಬಡಿದಳು, ಕೂಗಿದಳು. ಫೋನು ತೇಜಸ್ ಕೈಯಲ್ಲಿತ್ತು. ಅತ್ತೆ ಮನೆಯಲ್ಲಿ ಟಿವಿ ಜೋರಾಗಿ ಹಾಕಿಕೊಂಡು ಕೂತಿದ್ದರು. ಸುಡುಬಿಸಿಲಿಗೆ ತೋಟಗಳಲ್ಲಿ ನರಪಿಳ್ಳೆಯೂ ಇರಲಿಲ್ಲ. ಶೀಟಿನ ಕೆಳಗೆ ಸಾವಿರಾರು ಹುಳು ಒಟ್ಟಿಗೇ ಸೊಪ್ಪು ತಿನ್ನುವ ಸದ್ದು ಮಾತ್ರ, ಸಣ್ಣ ಮಳೆ ಹಿಡಿದಂತೆ.

ಕೂಗಿ ಗಂಟಲು ಕಟ್ಟಿತು. ಅವಳು ಸೊಪ್ಪಿನ ಹೊರೆಗೆ ಒರಗಿ ಕೂತಳು. ಬೆವರು ಆರಿತು. ಬೆನ್ನು ಹಗುರಾಯಿತು. ಯಾರೂ ಅಮ್ಮ ಅನ್ನುತ್ತಿಲ್ಲ, ಯಾರೂ ಹರಿತಾ ಅನ್ನುತ್ತಿಲ್ಲ. ಹೊರಗೆ ಹೋಗೋಣವೆಂದರೂ ಆಗದು, ಹಾಗಾಗಿ ಕೂತಿರುವುದು ತಪ್ಪೂ ಅಲ್ಲ. ತೆರೆದಿದ್ದಾಗ ಸಿಗದ ಬಿಡುವು ಚಿಲಕ ಬಿದ್ದ ಮೇಲೆ ಸಿಕ್ಕಿತಲ್ಲ ಎಂದು ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಕಣ್ಣು ಮುಚ್ಚಿದಳು.

ಗಗನ್‌ನ ಮಾತು ನೆನಪಾದದ್ದು ಆಗ. ಬೆಳಿಗ್ಗೆ ಅವಳ ಸೆರಗು ಜಗ್ಗುತ್ತ ಅವನು, "ಅಮ್ಮ, ಕೋನಪ್ಪ ತಾತನ ಹೊಂಡದಾಗೆ ಮೀನ್ ಬಿಟ್ಟವ್ರಂತೆ" ಎಂದಿದ್ದ. ಅವಳು ಅದಕ್ಕೂ ಹೂಂ ಎಂದಿದ್ದಳು. ಪಕ್ಕದ ಹೊಲದ ಕೋನಪ್ಪನವರ ಕೃಷಿ ಹೊಂಡಕ್ಕೆ ಒಳಗೆಲ್ಲ ಪ್ಲಾಸ್ಟಿಕ್ ಹಾಸಿದೆ. ಜಾರಿದರೆ ದೊಡ್ಡವರಿಗೂ ಹಿಡಿತ ಸಿಗದು.

ಎದ್ದು ಬಾಗಿಲಿಗೆ ಭುಜ ಕೊಟ್ಟಳು. ಅಲ್ಲಾಡಲಿಲ್ಲ. ಕಿಟಕಿಯತ್ತ ನೋಡಿದಳು. ಪರದೆ ಕೊಯ್ದರೆ ಇಷ್ಟು ದಿನದ ಗೆಯ್ಮೆ ನೊಣದ ಪಾಲು. ಹುಡುಗರು ಹೊಂಡಕ್ಕೆ ಹೋಗಿರಲಿಕ್ಕಿಲ್ಲ, ಎಲ್ಲೋ ಆಡುತ್ತಿರುತ್ತಾರೆ, ಈಗ ಬರುತ್ತಾರೆ. ಕುಡುಗೋಲು ಕೈಗೆ ತೆಗೆದುಕೊಂಡು ಅವಳು ಹಾಗೆಯೇ ನಿಂತಳು. ಎಷ್ಟು ಹೊತ್ತು ನಿಂತಳೋ, ಆಮೇಲೆ ಎಷ್ಟು ನೆನೆಸಿಕೊಂಡರೂ ಅವಳಿಗೆ ತಿಳಿಯಲಿಲ್ಲ. ಕೊನೆಗೆ ಮೇಲಿನಿಂದ ಕೆಳಗೆ ಒಂದೇ ಎಳೆತಕ್ಕೆ ಪರದೆ ಕೊಯ್ದು, ಕಿಟಕಿ ಹತ್ತಿ ಆಚೆ ಹಾರಿದಳು. ಚೌಕಟ್ಟಿನ ಮೊಳೆ ಮೊಣಕೈಯಿಂದ ಮುಂಗೈವರೆಗೂ ಗೀರಿತು. ಚಪ್ಪಲಿಯಿಲ್ಲದ ಕಾಲಲ್ಲಿ ಓಡಿದಳು.

ಹೊಂಡದ ಬೇಲಿ ಒಂದು ಕಡೆ ಬಿದ್ದಿತ್ತು. ನೀರು ಹಸಿರಾಗಿ, ಅಲುಗಾಡದೆ ನಿಂತಿತ್ತು. ಅವಳು ಅದರ ಸುತ್ತ ಓಡುತ್ತ ಮೂರು ಹೆಸರನ್ನೂ ಕೂಗಿದಳು. ಆಚೆ ಬದುವಿನ ಹುಣಸೆ ಮರದ ಕೆಳಗೆ ಮಲಗಿದ್ದ ಕೋನಪ್ಪ ಎದ್ದು ಕೂತರು.

"ಏನಮ್ಮಾ ಹರಿತಾ, ಯಾಕ್ ಹಿಂಗ್ ಓಡ್ತಿದೀಯ?"

"ಹುಡುಗ್ರು ಇಲ್ಲಿಗ್ ಬಂದ್ರಾ ಮಾವ?"

"ಇಲ್ಲಿಗ್ಯಾಕ್ ಬರ್ತಾರೆ? ಕೆರೆ ಅಂಗಳದಾಗೆ ಕ್ರಿಕೆಟ್ ಆಡ್ತಾವ್ರೆ ನೋಡು."

ಒಣಗಿದ ಕೆರೆಯಲ್ಲಿ ಮೂವರೂ ಇದ್ದರು. ತೇಜಸ್ ಬೌಲಿಂಗ್ ಮಾಡುತ್ತಿದ್ದ. ಗಗನ್ ವಿಕೆಟ್ಟಿಗಿಟ್ಟ ಕಲ್ಲುಗಳ ಹಿಂದೆ ಕುಕ್ಕರುಗಾಲಲ್ಲಿ ಕೂತು ಎರಡೂ ಕೈ ಚಾಚಿದ್ದ. ಅಮ್ಮನನ್ನು ಕಂಡು ಆಟ ನಿಂತಿತು. ಅವಳು ಲಿಖಿತ್‌ನ ರಟ್ಟೆ ಹಿಡಿದು ಕೈಯೆತ್ತಿದಳು.

"ಚಿಲಕ ಯಾಕೋ ಹಾಕ್ದೆ?"

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ನೊಣ ಬರ್ತೈತೆ ಅಂತ ನೀನೇ ಹೇಳಿದ್ದಲ್ಲಮ್ಮ."

ಎತ್ತಿದ ಕೈ ಇಳಿಯಿತು. ಅವಳು ಕೆರೆಯ ಬಿರುಕು ಮಣ್ಣಿನ ಮೇಲೆ ಕೂತುಬಿಟ್ಟಳು. ತೇಜಸ್ ಓಡಿಬಂದು, "ಅಮ್ಮ, ಕೈ ತುಂಬ ರಕ್ತ" ಎಂದು ತನ್ನ ಅಂಗಿ ಬಿಚ್ಚಿ ಸುತ್ತಲು ಹೋದ. ಗಗನ್ ಅವಳ ಬೆನ್ನ ಮೇಲೆ ಬಿದ್ದು ಕುತ್ತಿಗೆ ತಬ್ಬಿದ. ಬೆವರಿನ, ಧೂಳಿನ ವಾಸನೆ. ಅವನ ಭಾರಕ್ಕೆ ಅವಳಿಗೆ ಮೇಲೇಳಲಾಗಲಿಲ್ಲ.

ಸಂಜೆ ಮೋಹನ್‌ಬಾಬು ಬಂದವನೇ ಮೊದಲು ಹುಳದ ಮನೆಗೆ ಹೋದ. ಅಷ್ಟರಲ್ಲಿ ಅವಳು ಹಳೇ ಸೀರೆ ಕಟ್ಟಿ ಕಿಟಕಿ ಮುಚ್ಚಿದ್ದಳು. "ಇನ್ನೊಂದ್ ಸ್ವಲ್ಪ ಹೊತ್ತು ಕಾದಿದ್ರೆ ಆಗ್ತಿತ್ತೇನೋ" ಎಂದ. "ಹುಡುಗ್ರೇನೂ ಹೊಂಡದ ಹತ್ರ ಹೋಗಿರ್ಲಿಲ್ವಲ್ಲ."

"ಹೋಗಿದ್ರೆ, ಕೊಯ್ದಿದ್ದು ಸರಿ ಅಂತಿದ್ರಾ?"

ಅವನು ಅವಳ ಕೈ ಹಿಡಿದು ಗೀರು ನೋಡಿದ. ಆಮೇಲೆ ದಬ್ಬಳ, ದಾರ ತಂದು ಕತ್ತಲಾಗುವವರೆಗೂ ಪರದೆ ಹೊಲಿದ.

ಆ ಬೆಳೆಯಲ್ಲಿ ಕಿಟಕಿ ಕಡೆಯ ಗೂಡು ಬಹಳಷ್ಟು ತೂತಾದವು. ಉಳಿದದ್ದನ್ನು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿ ಬಂದ ಗಂಡನಿಗೆ ಹರಿತಾ, "ನಾನು ಅಮ್ಮನ ಮನೇಲಿ ನಾಕ್ ದಿನ ಇದ್ದು ಬರ್ತೀನಿ. ಒಬ್ಳೇ" ಎಂದಳು. ಕದಿರಮ್ಮನಿಗೆ ಎರಡು ಸಲ ಕೂಗಿ ಹೇಳಬೇಕಾಯಿತು. ಕೇಳಿದ ಮೇಲೆ ಅವರು, "ಹೋಗ್ಬಾ ತಾಯಿ" ಎಂದರು, ಅಷ್ಟೆ. ಮೋಹನ್‌ಬಾಬು ರಜೆ ಹಾಕಿ, ತಾನೇ ಬಸ್ಸು ಹತ್ತಿಸಿದ.

ಚಿಂತಾಮಣಿಯಲ್ಲಿ ಅಮ್ಮ ಬಿಸಿ ಒಬ್ಬಟ್ಟು ಬಡಿಸಿ, ಮಲಗು ಎಂದು ಹಾಸಿಗೆ ಹಾಸಿದಳು. ಹರಿತಾ ಮಲಗಿದಳು. ಬೆಳಗಿನ ಜಾವಕ್ಕೆ ಎಚ್ಚರವಾಯಿತು, ಕೊಯ್ಯಲು ಸೊಪ್ಪಿರಲಿಲ್ಲ. ಮನೆಯೆದುರಿನ ಮಾರ್ಕೆಟ್ಟಿನ ಗದ್ದಲದಲ್ಲಿ ಯಾವುದೋ ಹುಡುಗ ಕಿರುಚಿದರೆ ಎದ್ದು ಬಾಗಿಲಿಗೆ ಬರುತ್ತಿದ್ದಳು. ಮನೆಯಿಂದ ಫೋನು ಬರಲಿಲ್ಲ. ತಾನೇ ಮಾಡಿದಾಗ ಹಿಂದೆ ಹುಡುಗರ ಕೇಕೆ ಕೇಳಿಸಿತು. "ಎಲ್ಲಾ ಸರಿಯಾಗೈತೆ. ಆರಾಮಾಗಿರು" ಎಂದ ಮೋಹನ್‌ಬಾಬು.

ಮಾರನೆಯ ದಿನವೇ ಅವಳು ಬಸ್ಸು ಹತ್ತಿದಳು. ಅಮ್ಮ ಬೇಡವೆಂದರೂ ಕೇಳಲಿಲ್ಲ.

"ಇನ್ನೂ ಇದ್ದು ಬರ್ಬೋದಿತ್ತಲ್ಲ, ಯಾರ್ ಕರೆದ್ರು?" ಎಂದು ಗಂಡ ಬಾಗಿಲಲ್ಲೇ ಕೇಳಿದ. ಯಾರೂ ಕರೆದಿರಲಿಲ್ಲ. ಅದೇ ಅವಳಿಗೆ ಸಂಕಟವಾಯಿತು. ನಿನ್ನಿಂದಲೇ ಹೀಗಾಯಿತು ಎಂದು ಬಯ್ಯಲು ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅಷ್ಟರಲ್ಲಿ ಮೂವರೂ ಹಿತ್ತಲಿಂದ ಓಡಿ ಬಂದು ಅವಳ ಬ್ಯಾಗನ್ನು ಕಸಿದು ನೆಲಕ್ಕೆ ಸುರಿದರು. ಒಬ್ಬಟ್ಟಿನ ಡಬ್ಬಿಗೆ ಕಿತ್ತಾಟ ಶುರುವಾಯಿತು. ಹರಿತಾ ಚಪ್ಪಲಿ ಬಿಡುವ ಮೊದಲೇ ಬಗ್ಗಿ, ಡಬ್ಬಿ ಕಿತ್ತುಕೊಂಡು, ಒಬ್ಬೊಬ್ಬನ ಕೈಗೂ ಒಂದೊಂದು ಹಾಕಿದಳು.