ಚೆಂಬೂರಿನ ರುದ್ರವ್ವ ವಿಲ್ ಬರೆಸಿದ್ದು

ಮುಂಬೈಯ ಚೆಂಬೂರಿನಲ್ಲಿ ರುದ್ರವ್ವ ಬಿರಾದಾರ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ರೊಟ್ಟಿ ಆಯಿ ಎಂದರೆ ಸಾಕು, ರಿಕ್ಷಾದವನೇ ಬಿಲ್ಡಿಂಗಿನ ಗೇಟಿಗೆ ತಂದು ಬಿಡುತ್ತಾನೆ. ವಿಜಯಪುರದ ಕಡೆಯಿಂದ ಗಂಡನ ಜೊತೆ ಬಂದವಳು, ಅವನು ತೀರಿಕೊಂಡಾಗ ಮೂವತ್ತನಾಲ್ಕು ವರ್ಷದವಳು. ಜೋಳದ ರೊಟ್ಟಿ ಬಡಿದು ಮಾರಿಯೇ ಮಗ ಸಂತು, ಮಗಳು ಶೈಲಾ ಇಬ್ಬರನ್ನೂ ಓದಿಸಿದಳು. ಚಾಳಿನ ಖೋಲಿ ಬಿಟ್ಟು ಮೂರನೇ ಮಹಡಿಯಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟನ್ನೂ ತನ್ನ ಹೆಸರಿನಲ್ಲೇ ಕೊಂಡಳು. ಈಗ ಅವಳಿಗೆ ಎಪ್ಪತ್ತೆರಡು. ಸಂತು ಮತ್ತು ಸೊಸೆ ಮಾಧುರಿ ಅವಳ ಜೊತೆಗಿದ್ದಾರೆ. ಶೈಲಾ ಮದುವೆಯಾಗಿ ವಿಲೆ ಪಾರ್ಲೆಯಲ್ಲಿದ್ದಾಳೆ.

ಈಚೆಗೆ ಒಂದು ಭಾನುವಾರ ಸಂತು ಮೊಬೈಲಿನಲ್ಲಿ ಏನೋ ಓದಿ ಹುರುಪಾದ. ಮಹಾರಾಷ್ಟ್ರದಲ್ಲಿ ತಾಯಿ ಮಕ್ಕಳಿಗೆ ಮನೆಯನ್ನು ದಾನಪತ್ರ ಮಾಡಿಕೊಟ್ಟರೆ ಸ್ಟ್ಯಾಂಪ್ ಡ್ಯೂಟಿ ಬರೀ ಇನ್ನೂರು ರೂಪಾಯಿಯಂತೆ. ಈಗಲೇ ತನ್ನ ಹೆಸರಿಗೆ ಮಾಡಿಬಿಟ್ಟರೆ ಮುಂದಿನ ಓಡಾಟ ತಪ್ಪುತ್ತದಂತೆ. ರುದ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. ಇನ್ನೂರು ರೂಪಾಯಿಗೆ ಈಗ ಒಂದು ಒಳ್ಳೆಯ ಕುಬಸವೂ ಬರುವುದಿಲ್ಲ, ಅಷ್ಟಕ್ಕೆ ಮನೆ ಕೈ ಬಿಡುತ್ತದೆಂದರೆ ಅವಳಿಗೆ ಸಂಶಯ ಬಂತು.

ಮರುದಿನ ಯಾರಿಗೂ ಹೇಳದೆ ಸ್ಟೇಷನ್ ಹತ್ತಿರದ ವಕೀಲೆ ಶುಭಾಂಗಿಯ ಆಫೀಸಿಗೆ ಹೋದಳು. ಶುಭಾಂಗಿ ಧಾರವಾಡದವಳು, ಲಾ ಓದುವಾಗ ಎರಡು ವರ್ಷ ಇದೇ ಆಯಿಯ ರೊಟ್ಟಿಯ ಡಬ್ಬಿ ಉಂಡವಳು. ದಾನಪತ್ರ ಮಾಡಿದರೆ ಮನೆ ಇವತ್ತೇ ಮಗನದಾಗುತ್ತದೆ ಎಂದು ಬಿಡಿಸಿ ಹೇಳಿದಳು. ತಾಯಿಯ ಊಟ, ವಸತಿ, ಔಷಧ ನೋಡಿಕೊಳ್ಳಬೇಕೆಂಬ ಷರತ್ತನ್ನು ಅದರಲ್ಲೇ ಬರೆಸಿದ್ದರೆ, ಮಗ ತಪ್ಪಿದಾಗ ಹಿರಿಯ ನಾಗರಿಕರ ಟ್ರಿಬ್ಯೂನಲ್‌ಗೆ ಹೋಗಿ ರದ್ದು ಮಾಡಿಸಬಹುದು. ಮೃತ್ಯುಪತ್ರವಾದರೆ ಅವಳು ಇರುವ ತನಕ ಮನೆ ಅವಳದೇ, ಮನಸ್ಸು ಬದಲಾದರೆ ಪತ್ರವನ್ನೂ ಬದಲಿಸಬಹುದು.

ರುದ್ರವ್ವನಿಗೆ ಹಿಡಿಸಿದ್ದು ಷರತ್ತು. ಮನೆಗೆ ಬಂದು ಮಾಧುರಿಯ ಕೈಗೆ ನೋಟ್‌ಬುಕ್ ಕೊಟ್ಟು ಹೇಳಿ ಬರೆಸತೊಡಗಿದಳು. ಫ್ರಿಜ್ಜಿನಲ್ಲಿಟ್ಟ ರೊಟ್ಟಿ ತನಗೆ ಬಡಿಸಬಾರದು. ಕಿಟಕಿಯ ಪಕ್ಕದ ಮಂಚ ಸರಿಸಬಾರದು. ಸಂಜೆ ಏಳರಿಂದ ಎಂಟರ ತನಕ ರಿಮೋಟ್ ಯಾರೂ ಕೇಳಬಾರದು. ಮೂರನೇ ಕಪ್ ಚಹಾಕ್ಕೆ ಡಾಕ್ಟರ ಹೆಸರು ಎತ್ತಬಾರದು. ಹದಿನೇಳನೆಯ ಷರತ್ತಿಗೆ ಮಾಧುರಿ ಪೆನ್ನು ಕೆಳಗಿಟ್ಟಳು.

“ಅತ್ತಿ, ಇಷ್ಟೆಲ್ಲಾ ಒಪ್ಕೊಳ್ಳೂದಕಿಂತ ಮನಿ ನೀವ ಇಟ್ಕೊಳ್ರಿ.”

ಈ ಮನೆಯಲ್ಲಿ ಇಷ್ಟು ಬುದ್ಧಿಯ ಮಾತು ಬಹಳ ದಿನದಿಂದ ಕೇಳಿರಲಿಲ್ಲ ಎನ್ನಿಸಿತು ರುದ್ರವ್ವನಿಗೆ. ದಾನಪತ್ರದ ವಿಚಾರ ಅಲ್ಲಿಗೆ ಬಿಟ್ಟಳು. ಮೃತ್ಯುಪತ್ರ ಎಂಬ ಹೆಸರು ಮಾತ್ರ ಅವಳಿಗೆ ಸೇರಲಿಲ್ಲ. ಅದಕ್ಕೇ ವಿಲ್ ಅಂತಾರೆ ಎಂದು ಶುಭಾಂಗಿ ಹೇಳಿದ ಮೇಲೆ, ಅದಾದರೆ ಮಗಳ ವಿಲೆ ಪಾರ್ಲೆಯ ಹೆಸರಿನ ಹಾಗೆ ಕೇಳಿಸುತ್ತದೆ ಎಂದು ಒಪ್ಪಿದಳು.

ಯಾರಿಗೆ ಏನು ಎಂಬುದನ್ನು ಅವಳು ಗುಟ್ಟು ಮಾಡಲಿಲ್ಲ, ಊಟಕ್ಕೆ ಕೂತಾಗಲೇ ಹೇಳಿದಳು. ಫ್ಲ್ಯಾಟು ಸಂತುಗೆ ಅರ್ಧ, ಶೈಲಾಳಿಗೆ ಅರ್ಧ. ಒಲೆ, ಹಂಚು, ರೊಟ್ಟಿಯ ಗಿರಾಕಿಗಳು ಎಲ್ಲ ಮಾಧುರಿಗೆ. ಶೈಲಾಳಿಗೆ ಸ್ವಂತ ಮನೆ ಇದೆಯಲ್ಲ ಎಂದು ಸಂತು ಗೊಣಗಿದ.

“ಸಾಲಿಗೆ, ಕಾಲೇಜಿಗೆ ಹೋಗೂದಕಿಂತ ಮೊದಲ ದಿನಾಲೂ ನನ್ನ ಜೋಡಿ ಕುಂತು ರೊಟ್ಟಿ ಬಡದಾಕಿ ಅಕಿ,” ಎಂದಳು ರುದ್ರವ್ವ. “ನೀ ಮಕ್ಕೊಂಡಿರತಿದ್ದಿ.”

ಸಂತು ತಟ್ಟೆಯ ರೊಟ್ಟಿ ಮುರಿಯುತ್ತಾ, “ಕಾಗದ ಯಾಕ ಬೇಕವ್ವ, ನಮ್ಮ ಮ್ಯಾಲ ನಂಬಿಕಿ ಇಲ್ಲೇನು?” ಎಂದ.

“ನಂಬಿಕಿ ಇದ್ದಾಗ ಬರದಿಡಬೇಕು. ನಂಬಿಕಿ ಹೋದಮ್ಯಾಲ ಯಾರು ಬರೀತಾರ, ಯಾರು ಕೇಳತಾರ?”

ರಿಜಿಸ್ಟ್ರಾರ್ ಆಫೀಸಿಗೆ ಸಂತುವೇ ಟ್ಯಾಕ್ಸಿ ಮಾಡಿ ಕರೆದುಕೊಂಡು ಹೋದ. ಪಾಲು ಪಡೆಯದವರು ಸಾಕ್ಷಿಯಾಗಬೇಕೆಂದು ಮೇಲಿನ ಮಹಡಿಯ ಅಣ್ಣು ಮತ್ತು ಅವನ ಹೆಂಡತಿ ಬಂದಿದ್ದರು. ಫೋಟೋ ಆಯಿತು, ಸಹಿ ಆಯಿತು. ಹೆಬ್ಬೆಟ್ಟು ಇಟ್ಟರೆ ಮಷೀನು ಗುರುತು ಹಿಡಿಯಲಿಲ್ಲ. ಗುಮಾಸ್ತ ಒರೆಸಿ ಇಡಿ ಎಂದ, ಒತ್ತಿ ಇಡಿ ಎಂದ, ಕೊನೆಗೆ ಆಯಿ ಏನು ಕೆಲಸ ಮಾಡುತ್ತೀರಿ ಎಂದು ಮರಾಠಿಯಲ್ಲಿ ಕೇಳಿದ. ಮೂವತ್ತೆಂಟು ವರ್ಷ ಬಿಸಿ ಹಂಚಿನ ಮೇಲೆ ರೊಟ್ಟಿ ತಿರುವಿದ ಬೆರಳುಗಳಲ್ಲಿ ಗೆರೆಯೇ ಉಳಿದಿರಲಿಲ್ಲ. ಸಂತು ತಾಯಿಯ ಬಲಗೈಯನ್ನು ತನ್ನ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಮಾಧುರಿ ಪರ್ಸಿನಿಂದ ಕ್ರೀಮ್ ತೆಗೆದು ಉಜ್ಜಿದಳು. ಎಡಗೈ ಹೆಬ್ಬೆಟ್ಟನ್ನು ನಾಲ್ಕನೇ ಸಲ ಇಟ್ಟಾಗ ಮಷೀನು ಒಪ್ಪಿತು.

ಆ ಮೇಲೆ ಸಂತುವಿಗೆ ತನ್ನ ಕಾಗದಗಳನ್ನೂ ಸರಿ ಮಾಡಿಸಬೇಕು ಎನ್ನಿಸಿತು. ವಿಮೆ, ಬ್ಯಾಂಕ್ ಡಿಪಾಜಿಟ್ ಎಲ್ಲ ತಂದು ಟೇಬಲ್ ಮೇಲೆ ಹರಡಿದ. ಮಾಧುರಿಯೇ ಮೊದಲು ಓದಿದಳು. ಮದುವೆಯಾಗಿ ಹದಿನೆಂಟು ವರ್ಷವಾಗಿದ್ದರೂ ಎಲ್ಲದರಲ್ಲೂ ನಾಮಿನಿ ರುದ್ರವ್ವ ಬಿರಾದಾರ. ಮದುವೆಗೆ ಮೊದಲು ಬರೆಸಿದ್ದು, ಮರೆತೇ ಹೋಗಿತ್ತು ಎಂದು ಸಂತು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ದಿನ ಮಾಧುರಿ ಅವನ ಜೊತೆ ಮಾತು ಬಿಟ್ಟಳು. ಅತ್ತೆಯ ಜೊತೆ ಮಾತ್ರ, ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಗಂಡಸರ ಮರೆವಿನ ಬಗ್ಗೆ ಮಾತಾಡಿದಳು. ರುದ್ರವ್ವ ಸೊಸೆಯ ಮಾತಿಗೆ ಹೂಂಗುಟ್ಟುತ್ತಾ ರೊಟ್ಟಿ ಬಡಿದಳು.

ಮೂರನೇ ದಿನ ಸಂತು ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೂ ವಿಮೆ ಆಫೀಸಿಗೂ ಹೋಗಿ ನಾಮಿನಿಯ ಹೆಸರು ಬದಲಿಸಿ ಬಂದ. ಬ್ಯಾಂಕಿನ ರಸೀದಿಯನ್ನು ಮಾಧುರಿ ಒಂದಕ್ಷರ ಬಿಡದೆ ಓದಿ, ತನ್ನ ಹೆಸರಿನ ಸ್ಪೆಲಿಂಗ್ ತಪ್ಪಾಗಿದೆ ಎಂದು ಹಿಂದಿರುಗಿಸಿದಳು. ಮರುದಿನ ಸಂತು ಇನ್ನೊಂದು ಅರ್ಧ ದಿನ ರಜೆ ಹಾಕಿದ.