ಮೂರು ಖಣ ಮೊಕಳ

ಕೊರೊನಾ ಮುಗಿದ ಮೇಲಿನ ಎರಡನೆಯ ಬೇಸಿಗೆ. ಆಗ ನಾನು ಕೊಲ್ಹಾಪುರದ ಹಳೆ ಪೇಟೆಯ ಒಂದು ಗಲ್ಲಿಯಲ್ಲಿ ಸುಣ್ಣದ ಮುಕಾದಮಳಾಗಿದ್ದೆ. ಮುಕಾದಮ ಎಂದರೆ ದೊಡ್ಡ ಹುದ್ದೆಯೇನಲ್ಲ. ಗಚ್ಚು, ಅಂದರೆ ಸುಣ್ಣದ ಗಾರೆ, ಹದಕ್ಕೆ ಬಂದಿದೆಯೋ ಇಲ್ಲವೋ ನೋಡುವುದು, ಆಳುಗಳನ್ನು ಬೈಯುವುದು. ಎರಡೂ ನನಗೆ ಚೆನ್ನಾಗಿ ಬರುತ್ತವೆ. ನನ್ನ ಊರು ಗಡಿಯ ಗಡಹಿಂಗ್ಲಜ, ಮನೆಮಾತು ಕನ್ನಡ, ಸಾಲಿ ಕಲಿತದ್ದು ನಾಲ್ಕನೆಯ ಇಯತ್ತೆ. ಗಂಡ ಗೌಂಡಿ. ಅವನ ಕೈಕೆಳಗೆ ಸುಣ್ಣ ಅರೆಯುತ್ತ ಕೆಲಸ ಕಲಿತೆ. ಅವನು ಸತ್ತ, ಕೆಲಸ ಉಳಿಯಿತು.

ಆ ಗಲ್ಲಿಯ ವಾಡೆಗಳನ್ನು, ಅಂದರೆ ಹಳೆಯ ದೊಡ್ಡ ಮನೆಗಳನ್ನು, ಮೊದಲಿದ್ದ ಹಾಗೆ ಉಳಿಸಬೇಕೆಂದು ಸರ್ಕಾರಿ ಕಚೇರಿಯವರು ಒಂದು ಮಾರ್ಗಸೂಚಿ ಮಾಡಿದ್ದರು. ಮಾರ್ಗಸೂಚಿ ಎಂದರೆ ಏನು ಮಾಡಬೇಕು, ಏನು ಮಾಡಬಾರದು ಎನ್ನುವ ಕಟ್ಟಳೆ. ಹಳೆಯ ಇಟ್ಟಿಗೆಗೆ ಸಿಮೆಂಟ್ ಬಳಿಯಬಾರದು, ಸುಣ್ಣದ ಗಚ್ಚೇ ಆಗಬೇಕು. ಅಂಗಡಿಯ ಬೋರ್ಡು ಸಣ್ಣದಿರಬೇಕು. ಸಾಮಾನನ್ನು ರಸ್ತೆಯ ಮೇಲೆ ನೇತುಹಾಕಬಾರದು. ನಡುವೆ ಯಾರೋ ಬಡಿದ ತಗಡು, ಹಲಗೆ, ಶಟರ್ ತೆಗೆದು ವಾಡೆಯ ಮುಂಭಾಗ ಮೊದಲಿನಂತೆ ತೆರೆದಿರಬೇಕು. ಇದನ್ನೆಲ್ಲ ನೋಡಿಕೊಳ್ಳಲು ವೈಶಾಲಿ ಮ್ಯಾಡಂ ಎಂಬ ಆರ್ಕಿಟೆಕ್ಟ್ ಇದ್ದರು. ಇಚಲಕರಂಜಿಯ ಹುಡುಗಿ. ಬಿಸಿಲಲ್ಲಿ ನಿಂತು ಕೆಲಸ ಮಾಡಿಸುವವಳು, ನೆರಳಲ್ಲಿ ಕೂತು ಹೇಳುವವಳಲ್ಲ.

ಗಚ್ಚು ಅವಸರದ ಕೆಲಸವಲ್ಲ. ಸುಣ್ಣ ನೀರಲ್ಲಿ ಕೊಳೆಯಬೇಕು, ಉಸುಕು ಸೇರಿಸಿ ಗಾಣದಲ್ಲಿ ಅರೆಯಬೇಕು, ಬೆಲ್ಲದ ನೀರು ಹಾಕಬೇಕು. ಅದಕ್ಕೇ ನಾನು ಗಲ್ಲಿಯ ಕೊನೆಯ ವಾಡೆಯ ಹಿಂದಿನ ಖೋಲಿಯಲ್ಲೇ ಉಳಿದುಕೊಂಡೆ. ಆಳುಗಳು ದೂರದವರು, ಹಿಂದಿ ಮಾತಿನವರು. ಮರಾಠಿ ನನಗೆ ಬರುತ್ತದೆ, ಹಿಂದಿ ಕೆಲಸಕ್ಕಾಗುವಷ್ಟು. ಆದರೆ ಸಂಜೆ ಒಲೆಯ ಮುಂದೆ ಕೂತಾಗ ಬಾಯಿಗೆ ಬರುವುದು ಕನ್ನಡ. ಅದನ್ನು ಕೇಳಲು ಅಲ್ಲಿ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

ಒಂದು ದಿನ ಗಚ್ಚಿಗೆ ನೀರು ಹೆಚ್ಚು ಸುರಿದ ಆಳಿಗೆ ಸಿಟ್ಟಿನಲ್ಲಿ ಕನ್ನಡದಲ್ಲೇ ಬೈಯುತ್ತಿದ್ದೆ. ಎದುರಿನ ವಾಡೆಯಿಂದ ದನಿ ಬಂತು.

"ಅಕ್ಕಾರ, ಗಡಹಿಂಗ್ಲಜ ಕಡೆಯವರೇನ್ರಿ?"

"ಹೆಂಗ ಗೊತ್ತಾತೋ ನಿನಗ?"

"ಬೈಗಳದಾಗ ಗೊತ್ತಾತ್ರಿ. ಹಿರಣ್ಯಕೇಶಿ ಹೊಳಿ ನೀರ ಕುಡದವರಿಗೇ ಬರ್ತಾವ್ರಿ ಅಂಥಾವು."

ಅವನು ಈರಪ್ಪ, ಸಿಂಪಿಗ. ನಮ್ಮ ಕಡೆಯ ಗಡಿಹಳ್ಳಿಯವನು. ಅವನ ಅಪ್ಪನ ಕಾಲದಿಂದ ಆ ವಾಡೆಯ ಮುಂಭಾಗ ಬಾಡಿಗೆಗೆ ಹಿಡಿದಿದ್ದರು. ಬಾಗಿಲ ಬಲಕ್ಕೆ ಕೆತ್ತನೆಯ ಕಂಬಗಳ ಸಾಲು. ಕಂಬಗಳ ನಡುವೆ ಅಪ್ಪ ಹಲಗೆ ಬಡಿದು ಮೂರು ಗೂಡು ಮಾಡಿದ್ದ. ಒಂದರಲ್ಲಿ ಮಷಿನ್, ಒಂದರಲ್ಲಿ ಅರಿವೆ, ಒಂದರಲ್ಲಿ ಹಾಸಿಗೆ ಮತ್ತು ಸ್ಟವ್. ಹೆಂಡತಿ ಸತ್ತಿದ್ದಳು, ಮಕ್ಕಳಿಲ್ಲ. ಅಂಗಡಿಯೇ ಮನೆ. ಕುಬಸದ ಖಣ ಮಾರುವುದು, ಅವನ್ನೇ ಹೊಲಿಯುವುದು, ಇಷ್ಟೇ ಅವನ ಧಂದೆ.

ಅಂಗಡಿಯ ಮುಂದೆ ಹಗ್ಗಕ್ಕೆ ಮೂರೇ ಮೂರು ಖಣ ತೂಗುತ್ತಿದ್ದವು. ಒಂದು ಕೆಂಪು, ಒಂದು ಹಸಿರು, ಒಂದು ಕಪ್ಪು.

"ಖಣದ ಅಂಗಡಿ ಇಟ್ಟು ಮೂರ ಯಾಕ ಹಾಕೀಯೋ? ದಿವಾಳಿ ಎದ್ದೇನ?" ಎಂದು ಕೇಳಿದೆ.

"ಸರ್ಕಾರದ ಹುಕುಂ ಐತ್ರಿ. ಮೀಟಿಂಗಿನ್ಯಾಗ ಮ್ಯಾಡಂ ಅವರ ಹೇಳ್ಯಾರ. ಮೂರ ಖಣ ಅಷ್ಟ ಮೊಕಳ ಇಡಬೇಕಂತ."

ಮೊಕಳ ಎಂದರೆ ತೆರೆದು, ಮುಚ್ಚದೆ. ನಾನು ನಂಬಿದೆ. ಆ ಮೀಟಿಂಗ್ ನಾನು ಬರುವ ಮೊದಲೇ ಆಗಿತ್ತು. ಸರ್ಕಾರ ಇದಕ್ಕಿಂತ ಹುಚ್ಚು ಮಾತು ಹೇಳಿದ್ದನ್ನೂ ಕೇಳಿದ್ದೇನೆ.

ಬೇಸಿಗೆಯೆಲ್ಲ ಹಾಗೆಯೇ ನಡೆಯಿತು. ಸಂಜೆ ಅವನ ಕಟ್ಟೆಗೆ ಹೋಗಿ ಕೂರುತ್ತಿದ್ದೆ. ಅವನು ಮಷಿನ್ ತುಳಿಯುತ್ತಿದ್ದ, ನಾನು ಎಲೆ ಅಡಿಕೆ ಹಾಕುತ್ತಿದ್ದೆ. ಮಾತು ಭಾಳ ಏನಿಲ್ಲ. ಮಳೆ, ಬೆಳೆ, ಯಾರು ಸತ್ತರು ಎನ್ನುವುದು. ಹಲಗೆ ಕೀಳುವುದು ಅವನಿಗೆ ಗೊತ್ತಿದೆ ಎಂದುಕೊಂಡು ಆ ಮಾತು ನಾನು ಎತ್ತಲಿಲ್ಲ. ಅವನಿಗೂ ಆ ಗಲ್ಲಿಯಲ್ಲಿ ಕನ್ನಡ ಆಡಲು ಯಾರೂ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಕೆಲಸ ಒಂದೊಂದೇ ವಾಡೆ ಮುಗಿಸುತ್ತ ಅವನ ವಾಡೆಗೆ ಬಂತು. ಮ್ಯಾಡಂ ನಕ್ಷೆ ಹಿಡಿದು ಬಂದು ಹಲಗೆ ಕೀಳಲು ಹೇಳಿದರು. ಆಳು ಹಾರೆ ಎತ್ತಿದ. ಈರಪ್ಪ ಹೊಲಿಗೆ ಬಿಟ್ಟು ಓಡಿಬಂದ.

"ಏ, ತಡೀರಿ, ತಡೀರಿ! ಹೇಳಿಧಂಗ ಮಾಡೇನಲ್ರಿ ಬಾಯಾರ! ನೋಡ್ರಿ, ಮೂರ ಖಣ ಮೊಕಳ ಇಟ್ಟೇನಿ. ಒಂದ ಹೆಚ್ಚಿಲ್ಲ, ಒಂದ ಕಡಿಮಿ ಇಲ್ಲ."

ಅವನ ಬೆರಳು ಹಗ್ಗದ ಮೇಲಿನ ಬಟ್ಟೆಯ ಕಡೆಗಿತ್ತು. ಮ್ಯಾಡಂಗೆ ಕನ್ನಡ ಬಾರದು. ಅವರು ಖಣ ನೋಡಿದರು, ಅವನನ್ನು ನೋಡಿದರು, ನನ್ನನ್ನು ನೋಡಿದರು. ಮೀಟಿಂಗಿನಲ್ಲಿ ನೀವು ಅಂದದ್ದೇನು ಎಂದು ಮರಾಠಿಯಲ್ಲಿ ಕೇಳಿದೆ. ಅವರು ನೆನಪು ಮಾಡಿಕೊಂಡು ಹೇಳಿದರು: "ಪುಢಚೇ ತೀನ್ ಖಣ್ ಮೋಕಳೇ ಠೇವಾಯಚೇ."

ಮುಂದಿನ ಮೂರು ಖಣ ತೆರೆದಿಡಬೇಕು. ಮರಾಠಿಯಲ್ಲಿ ಕುಬಸದ ಬಟ್ಟೆಗೂ ಖಣ ಎನ್ನುತ್ತಾರೆ, ಮನೆಯಲ್ಲಿ ಕಂಬ ಕಂಬದ ನಡುವಿನ ಜಾಗಕ್ಕೂ ಖಣವೇ. ನಮ್ಮಲ್ಲಿ ಆ ಜಾಗಕ್ಕೆ ಅಂಕಣ ಎಂಬ ಮಾತಿದೆ, ಖಣ ಎಂದರೆ ಬಟ್ಟೆ ಒಂದೇ. ಜನ್ಮವೆಲ್ಲ ಖಣ ಹೊಲಿದವನು ಇನ್ನೇನು ತಿಳಿಯಬೇಕು? ಅದೇ ಮೀಟಿಂಗಿನಲ್ಲಿ ಸಾಮಾನು ನೇತುಹಾಕಬಾರದು ಎನ್ನುವ ಮಾತೂ ಬಂದಿತ್ತು. ಮೂರಕ್ಕಾದರೂ ಬಿಟ್ಟರಲ್ಲ ಎಂದು ಅವನು ಖುಷಿಯಿಂದ ತಲೆಯಾಡಿಸಿ ಬಂದಿದ್ದ. ಗೋಡೆಗೆ ಹಚ್ಚಿದ ನೋಟೀಸಿನಲ್ಲೂ ಖಣ ಎಂದೇ ಇತ್ತು. ತಕರಾರು ಕೊಡಲು ಇಟ್ಟ ಮುದ್ದತ್ತು ಮುಗಿದುಹೋಗಿತ್ತು.

"ನಿನ್ನ ಅರಿವಿ ಖಣ ಅಲ್ಲೋ ಮಾರಾಯಾ," ಎಂದೆ. "ಕಂಬದ ನಡುವಿನ ಖಣ. ನಾವು ಅಂಕಣ ಅಂತೀವಲ್ಲ, ಅದು."

"ಅಂಕಣ?"

"ಹೌದು."

ಅವನು ತಿರುಗಿ ನೋಡಿದ. ಮಷಿನ್, ಅರಿವೆ, ಹಾಸಿಗೆ. "ಮೂರ ಅಂಕಣ ಅಂದ್ರ ಎಲ್ಲಾನೂ ಆತಲ್ರಿ ಅಕ್ಕಾ."

"ಎಲ್ಲಾನೂ."

"ಹಂಗಾರ ಅಂಕಣ ಅನಬೇಕಾಗಿತ್ತು. ಖಣ ಯಾಕ ಅಂದ್ರು?"

ನಾನು ಅವನ ಮಾತನ್ನು ಮರಾಠಿಯಲ್ಲಿ ಮ್ಯಾಡಂಗೆ ತಿಳಿಸುತ್ತಿದ್ದಂತೆ ಪಕ್ಕದ ಚಹಾದ ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮ್ಯಾಡಂ ನಗಲಿಲ್ಲ. ಆಳಿಗೆ ಹಾರೆ ಕೆಳಗಿಡಲು ಹೇಳಿ ಕಟ್ಟೆಯ ಮೇಲೆ ಕೂತುಬಿಟ್ಟರು.

ಒಂದು ಮಾತು ನೇರವಾಗಿ ಹೇಳಬೇಕು. ಕಟ್ಟಳೆ ತಪ್ಪಾಗಿರಲಿಲ್ಲ. ಹಲಗೆಯ ಹಿಂದೆ ಗಾಳಿಯಾಡದೆ ಕಂಬಗಳ ಬುಡ ಕೊಳೆತಿದ್ದವು, ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಇನ್ನೆರಡು ಮಳೆಗಾಲಕ್ಕೆ ಮುಂಭಾಗ ಅವನ ತಲೆಯ ಮೇಲೇ ಕೂರುತ್ತಿತ್ತು. ಕಟ್ಟಳೆ ಕೆಟ್ಟದಿದ್ದರೆ ಜಗಳ ಮಾಡಬಹುದು. ಸರಿ ಇದ್ದರೆ ಏನು ಮಾಡುವುದು?

ಮ್ಯಾಡಂ ಅಲ್ಲಿ ಕೆಲಸ ನಿಲ್ಲಿಸಿ ಕಚೇರಿಗೆ ಓಡಾಡಿದರು. ನಾನು ಆ ವಾಡೆ ಬಿಟ್ಟು ಮುಂದಿನದಕ್ಕೆ ಗಚ್ಚು ಹಚ್ಚಿದೆ. ಕಡೆಗೆ ಉತ್ತರ ಬಂತು. ಅಂಕಣ ತೆರೆದೇ ಇರಬೇಕು. ಈರಪ್ಪ ಹಗಲು ಮಷಿನ್ ಇಟ್ಟುಕೊಂಡು ಹೊಲಿಯಬಹುದು. ಹಲಗೆ, ಪರದೆ ಕೂಡದು. ರಾತ್ರಿ ಮಲಗುವಂತಿಲ್ಲ. ಹೊಸ ಬಡಾವಣೆಯಲ್ಲಿದ್ದ ವಾಡೆಯ ಮಾಲೀಕರು, ಕಚೇರಿ ಹೇಳಿದ ಹಾಗೆ ಎಂದು ಕೈ ತೊಳೆದುಕೊಂಡರು.

"ಹಗಲೆಲ್ಲ ಮಂದಿ ನೋಡೂ ಗೊಂಬಿ ಆಗಲೇನ್ರಿ?" ಎಂದ ಈರಪ್ಪ. "ಕತ್ತಲಾದ ಮ್ಯಾಲ ಮಷಿನ್ ಹೊತಗೊಂಡು ಎಲ್ಲಿ ಹೋಗಲಿ?"

"ನನ್ನ ಖೋಲ್ಯಾಗ ಒಂದ ಮೂಲಿ ಐತಿ. ಕೆಲಸ ಮುಗಿಯೂತನಕ ಇರು."

"ಮಂದಿ ಏನಂದಾರ್ರಿ?"

"ಅಂದ್ರ ಅನ್ನಲಿ ಬಿಡು. ಈ ವಯಸ್ಸಿನ್ಯಾಗ ನನ್ನ ಮ್ಯಾಲ ಸುದ್ದಿ ಹುಟ್ಟಿದ್ರ ಊರಿಗೆ ಪೇಡೆ ಹಂಚ್ತೀನಿ."

ಅವನು ನಕ್ಕ. ಬರಲಿಲ್ಲ. ಇಚಲಕರಂಜಿ ಪಕ್ಕದ ಕಬನೂರಿನಲ್ಲಿ ಅಣ್ಣನ ಮಗ ಪವರ್‌ಲೂಮ್ ಹಾಕಿದ್ದ, ಅಲ್ಲಿಗೆ ಹೊರಟ. ಹೊರಡುವ ದಿನ ಆಳುಗಳನ್ನು ಹತ್ತಿರ ಬಿಡಲಿಲ್ಲ. "ನಮ್ಮಪ್ಪ ಬಡದ ಮೊಳಿ. ನಾನ ಕೀಳ್ತೀನಿ," ಎಂದ. ಹಲಗೆಗಳನ್ನು ತಾನೇ ಕಿತ್ತು, ಮೊಳೆಗಳನ್ನು ನೆಟ್ಟಗೆ ಮಾಡಿ ಡಬ್ಬಿಗೆ ಹಾಕಿಕೊಂಡ. ಹಗ್ಗದ ಮೇಲಿನ ಖಣ ಮಾತ್ರ ಮುಟ್ಟಲಿಲ್ಲ.

"ಅವನ್ನ ಒಯ್ಯೋ," ಎಂದೆ.

"ಅವು ಹುಕುಮಿನ್ವು ಅಕ್ಕಾ. ಇರಲಿ."

ಅವನು ಹೋದ ಮೇಲೆ ಬಡಗಿಗಳು ಕಂಬಗಳ ಕೊಳೆತ ಬುಡ ಕತ್ತರಿಸಿ ಹೊಸ ಸಾಗುವಾನಿ ಜೋಡಿಸಿದರು. ಒಳಗೋಡೆಗೆ ನಾನು ಗಚ್ಚು ಹಚ್ಚಿದೆ. ಚೆನ್ನಾಗಿಯೇ ಬಂತು. ಸಂಜೆ ಕಟ್ಟೆಯ ತನಕ ಹೋಗಿ ವಾಪಸ್ ಬರುತ್ತಿದ್ದೆ. ಆಳುಗಳಿಗೆ ಬೈಯುವುದೂ ಕಡಿಮೆಯಾಯಿತು. ಬೈಗಳ ತಿಳಿದು ನಗುವವನು ಒಬ್ಬನಾದರೂ ಇರಬೇಕು. ಇಲ್ಲದಿದ್ದರೆ ಅದು ಬರೀ ಕೆಮ್ಮು.

ಖಣಗಳನ್ನು ನಾನು ಇಳಿಸಲಿಲ್ಲ, ಇಳಿಸಲು ಬಿಡಲೂ ಇಲ್ಲ. ಗಲ್ಲಿ ತಯಾರಾಗಿ ಜನ ಬಂದು ಫೋಟೋ ತೆಗೆಯತೊಡಗಿದರು. ಬಿಳಿ ಗೋಡೆ, ಕೆತ್ತನೆಯ ಕಂಬ, ಮುಂದೆ ಮೂರು ಖಣ. ಎಲ್ಲರ ಫೋಟೋದಲ್ಲೂ ಅವೇ. ಆಮೇಲೊಮ್ಮೆ ಗಚ್ಚು ಬಿರುಕು ಬಿಟ್ಟಿದೆಯೇ ನೋಡಲು ಹೋದಾಗ ಎದುರಿನ ಚಪ್ಪಲಿ ಅಂಗಡಿಯಲ್ಲೂ ಮೂರು ಖಣ, ಚಹಾದವನ ಅಂಗಡಿಯಲ್ಲೂ ಮೂರು. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದವನೇ ಅವನು. ಇದೇನು ಎಂದು ಕೇಳಿದೆ. ಗಲ್ಲಿಯ ಹಳೆಯ ಪದ್ಧತಿ, ಮೌಶಿ, ಎಂದ.

ಅಲ್ಲಿಂದ ನೇರ ಕಬನೂರಿಗೆ ಹೋದೆ. ಈರಪ್ಪ ಶೆಡ್ಡಿನಲ್ಲಿ ಬಟ್ಟೆಯ ಥಾನು ಮಡಚುತ್ತಿದ್ದ. ಮಷಿನ್ ಮೂಲೆಯಲ್ಲಿತ್ತು, ಮೇಲೆ ಗೋಣಿಚೀಲ ಹೊದಿಸಿತ್ತು. ಮಗ್ಗಗಳ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ಇಬ್ಬರೂ ಒದರಿ ಮಾತಾಡಬೇಕಾಯಿತು.

"ಮೂರೂ ಅದಾವೇನ್ರಿ?" ಎಂದು ಒದರಿದ.

"ಅದಾವ. ಈಗ ಗಲ್ಲಿ ತುಂಬ ಅದಾವ."

"ಆಂ?"

"ಅದಾವ ಅಂದೆ!"

ತಲೆಯಾಡಿಸಿದ. ಮೀಟಿಂಗಿನಲ್ಲೂ ಹೀಗೆಯೇ ಆಡಿಸಿದ್ದನೇನೋ. "ಹಂಗಾರ ಅವರ ಹೇಳಿಧಂಗ ನಾ ಮಾಡೇನಿ," ಎಂದು ಮತ್ತೆ ಥಾನು ಮಡಚತೊಡಗಿದ.

ಈಗಲೂ ಹಳೆಯ ಮನೆಗಳ ಕೆಲಸ ಬಂದರೆ ಹೋಗುತ್ತೇನೆ. ಗೋಡೆ ಮುಟ್ಟುವ ಮೊದಲು ಅಲ್ಲಿ ಇರುವವರನ್ನು ಕೂರಿಸಿ ಏನು ಒಡೆಯುತ್ತೇವೆ, ಏನು ಉಳಿಸುತ್ತೇವೆ ಎಂದು ಹೇಳುತ್ತೇನೆ. ತಿಳಿಯಿತೇ ಎಂದು ಕೇಳುವುದಿಲ್ಲ. ಆ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ. "ಏನ ತಿಳೀತು? ನಿಮ್ಮ ಮಾತಿನ್ಯಾಗ ಹೇಳ್ರಿ" ಎನ್ನುತ್ತೇನೆ. ಕೆಲವರು ಸಿಟ್ಟಾಗುತ್ತಾರೆ, ಮುದುಕಿ ಪರೀಕ್ಷೆ ತೆಗೆಯುತ್ತಾಳೆ ಎನ್ನುತ್ತಾರೆ. ಅನ್ನಲಿ. ಅವರು ಹೇಳುವ ತನಕ ನಾನು ಗಚ್ಚು ಕಲಸುವುದಿಲ್ಲ.