ಕಾಲರಿನ ಅಚ್ಚು

ನಮ್ಮ ಯಜಮಾನರು ದರ್ಜಿ, ಅವರ ತಮ್ಮನೂ ದರ್ಜಿ. ಮಾವ ತೀರಿಕೊಂಡ ಮೇಲೆ ಅಂಗಡಿ ಪಾಲಾಯಿತು. ಬೀದಿ ಕಡೆ ಬೆಳಕಿನ ಕೋಣೆ ಒಂದು, ಹಿಂದೆ ಕಿಟಕಿಯೇ ಇಲ್ಲದ್ದು ಒಂದು. "ನೀನೇ ಮೊದಲು ಆರಿಸ್ಕೊಳಪ್ಪಾ" ಅಂದುಬಿಟ್ಟರು ಈ ಪುಣ್ಯಾತ್ಮರು. ಮೈದುನ ಮುಂದಿನದನ್ನು ಆರಿಸಿಕೊಂಡ. ಆರಿಸ್ಕೊಳ್ಳದೆ ಇರೋಕೆ ಅವನಿಗೇನು ತಲೆ ಕೆಟ್ಟಿತ್ತಾ?

ಆರು ವರ್ಷವಾಯಿತು. ನಾನು ಗುರುತು ಹಾಕಿ ಕತ್ತರಿಸುತ್ತೇನೆ, ಇವರು ಹೊಲಿಯುತ್ತಾರೆ. ಹಗಲಲ್ಲೂ ಟ್ಯೂಬ್‌ಲೈಟು. ಇಸ್ತ್ರಿ ಪೆಟ್ಟಿಗೆಯ ಕಾವು ಹೊರಗೆ ಹೋಗೋಕೆ ದಾರಿಯಿಲ್ಲ, ನನಗೂ ಇಲ್ಲ. ನಮ್ಮ ಗಿರಾಕಿಗಳು ಮೈದುನನ ಅಂಗಡಿ ದಾಟಿಯೇ ಬರಬೇಕು. ಹತ್ತು ಜನ ಹೊರಟರೆ ಪರದೆ ಸರಿಸಿ ಒಳಗೆ ಬರೋದು ಇಬ್ಬರು. ಇವರ ಕಣ್ಣು ಮಂಜಾಗಿ ಸೂಜಿಗೆ ದಾರ ನಾನೇ ಪೋಣಿಸಿಕೊಡಬೇಕು. ಜಗಳ ತೆಗೆಯೋಣ ಅಂದರೆ, ಭಾನುವಾರ ಚರ್ಚಿನಲ್ಲಿ ಅಣ್ಣತಮ್ಮ ಒಂದೇ ಬೆಂಚು! ಹೊಟ್ಟೆ ಉರಿಯುತ್ತೆ ನನಗೆ.

ನಿನ್ನೆ ಕಾಲರಿನ ಅಚ್ಚು ಕೈಜಾರಿ ಬಿತ್ತು. ಗುರುತು ಹಾಕೋಕೆ ಅಂತ ಇವರೇ ದಪ್ಪ ಕಾಗದದಲ್ಲಿ ಕತ್ತರಿಸಿಕೊಟ್ಟದ್ದು. ಒಂದು ಬದಿಗೆ ಅಂಟಿಸಿದ್ದ ಬಟ್ಟೆ ಕಿತ್ತುಬಂತು. ಅಡಿಯಲ್ಲಿ ಮಾವನ ಅಕ್ಷರ: 'ಮುಂದಿನ ಕೋಣೆ ನನ್ನ ದೊಡ್ಡ ಮಗನಿಗೆ.' ಅಯ್ಯೋ, ಆರು ವರ್ಷ ಇದನ್ನೇ ಹಿಡಿದು ಗೀಚಿದ್ದೇನೆ!

"ರೀ, ಏನಿದು?"

ಇವರು ಮಿಷನ್ ನಿಲ್ಲಿಸಿದರು. "ಉಯಿಲು. ತಮ್ಮನಿಗೆ ಗೊತ್ತಿಲ್ಲ."

"ಉಯಿಲನ್ನ ಕತ್ತರಿಸಿಬಿಟ್ರಾ? ಬುದ್ಧಿ ನೆಟ್ಟಗಿದೆಯಾ ನಿಮಗೆ?"

"ಇಡಿಯಾಗಿ ಇದ್ದಿದ್ರೆ ಒಂದಲ್ಲ ಒಂದು ದಿನ ಹಿಡ್ಕೊಂಡು ಕೋರ್ಟಿಗೆ ಓಡ್ತಿದ್ದೆ ಕಣೇ. ನಾನೇನು ದೊಡ್ಡ ಸಂತನಲ್ಲ. ತಮ್ಮನ ಮೇಲೆ ಕೇಸು ಹಾಕಿದ ಕೈಲೇ ಚರ್ಚಿನಲ್ಲಿ ಯೇಸು ಕರ್ತನ ರೊಟ್ಟಿ ಹೇಗೆ ತಗೊಳ್ಳಲಿ?"

"ನನ್ನನ್ನ ಒಂದು ಮಾತು ಕೇಳಿದ್ರಾ?"

"ಇಲ್ಲ," ತಲೆ ತಗ್ಗಿಸಿದರು. "ಅದು ನನ್ನ ತಪ್ಪೇ."

ಅಷ್ಟರಲ್ಲಿ ಪರದೆ ಸರಿಯಿತು. ಮೈದುನ, ಕೈಯಲ್ಲಿ ಬಿಳಿ ಬಟ್ಟೆ. "ಅತ್ತಿಗೆ, ಒಂದು ಕಾಲರ್ ಗುರುತು ಹಾಕ್ಕೊಡಿ. ನನ್ನ ಅಚ್ಚು ನಿಮ್ಮದರಷ್ಟು ಸರಿಯಾಗಿ ಕೂರಲ್ಲ."

ಕತ್ತರಿಸಿದ ಉಯಿಲು ಕೋರ್ಟಿನಲ್ಲಿ ನಡೆಯದಿದ್ದರೂ, ಮಾವನ ಅಕ್ಷರವನ್ನು ಅವನ ಮುಖಕ್ಕೆ ಹಿಡಿದರೆ ಸಾಕಿತ್ತು. ಇವರು ನನ್ನನ್ನೇ ನೋಡಿದರು, ಬೇಡ ಅನ್ನಲಿಲ್ಲ. ಈ ಸಲ ಆರಿಸೋದನ್ನು ನನಗೇ ಬಿಟ್ಟಿದ್ದರು.

ಅಕ್ಷರ ಕೆಳಗೆ ಮಾಡಿ ಅಚ್ಚನ್ನು ಅವನ ಬಟ್ಟೆಯ ಮೇಲಿಟ್ಟು ಗುರುತು ಹಾಕಿದೆ. ಸೀಮೆಸುಣ್ಣ ಎರಡು ಸಲ ಮುರಿಯಿತು.

"ಇಲ್ಲಿ ಸೆಕೆ ಜಾಸ್ತಿ ಅಲ್ವಾ ಅತ್ತಿಗೆ?"

"ಹೌದಪ್ಪಾ, ಜಾಸ್ತಿ," ಅಂದೆ. ಮೈದುನ ಬಟ್ಟೆ ಮಡಿಸಿಕೊಂಡು ಮುಂದಿನ ಕೋಣೆಗೆ ಹೋದ.